ಎಮರ್ಜೆನ್ಸಿ ಟ್ರಾಲಿ: ಪಲ್ಸ್ ನಿಂತ ರೋಗಿಗೆ ಅಡ್ರಿನಲಿನ್ ಜೊತೆ ಇನ್ನೇನು ಬೇಕು, ಏನು ಬೇಡ?

ಕುಷ್ಟಗಿ_ಸಿಸ್ಟರ್

ತಾಲ್ಲೂಕು ಆಸ್ಪತ್ರೆಯ ಎಮರ್ಜೆನ್ಸಿ ಟ್ರಾಲಿಗೆ ಔಷಧಿ ಪಟ್ಟಿ ಹೊಸದಾಗಿ ಬರೆಯಬೇಕಾಗಿದೆ. ಹಳೆಯ ಪಟ್ಟಿ ಯಾವ ಕಾಲದ್ದೋ ಗೊತ್ತಿಲ್ಲ. ಅಡ್ರಿನಲಿನ್, ಅಟ್ರೋಪಿನ್, ಸೋಡಾ ಬೈಕಾರ್ಬ್, ಕ್ಯಾಲ್ಸಿಯಂ ಗ್ಲುಕೋನೇಟ್, ಡೆಕ್ಸಾ, ಡೆರಿಫಿಲಿನ್ ಎಲ್ಲವೂ ಒಂದೇ ಡ್ರಾದಲ್ಲಿ ಕಲಸುಮೇಲೋಗರ.

ಕೇಳಬೇಕಾದದ್ದು ಇಷ್ಟು. ಸಿಪಿಆರ್ (ಎದೆ ಒತ್ತಿ ಉಸಿರು ಕೊಡುವುದು) ಶುರುವಾದ ಕೂಡಲೇ "ಅಟ್ರೋಪಿನ್ ಹಾಕಿ, ಬೈಕಾರ್ಬ್ ಹಾಕಿ, ಕ್ಯಾಲ್ಸಿಯಂ ಹಾಕಿ" ಎನ್ನುವವರು ಇದ್ದಾರೆ, "ಅಡ್ರಿನಲಿನ್ ಒಂದೇ ಸಾಕು" ಎನ್ನುವವರೂ ಇದ್ದಾರೆ. ಈಗಿನ ಪದ್ಧತಿ ಯಾವುದು? ಹೃದಯದ ಬಡಿತ ಸರಿಪಡಿಸುವ ಅಮಿಯೋಡರೋನ್‌ಗೆ ಇಂಡೆಂಟ್ (ಬೇಡಿಕೆ ಪಟ್ಟಿ) ಹಾಕಿದರೆ ಕೆಲವೊಮ್ಮೆ ಬರುವುದಿಲ್ಲ, ಲಿಗ್ನೋಕೇನ್ ಮಾತ್ರ ಯಾವಾಗಲೂ ಇರುತ್ತದೆ. ಅದನ್ನೇ ಕೊಡಬಹುದೇ? ಅಡ್ರಿನಲಿನ್ ಡೈಲ್ಯೂಟ್ ಮಾಡಲೇಬೇಕೇ? ರಕ್ತನಾಳ ಬಿಗಿಗೊಳಿಸುವ ವ್ಯಾಸೋಪ್ರೆಸಿನ್ ತರಿಸಬೇಕೇ? ರಾತ್ರಿ ಪಾಳಿಯಲ್ಲಿ ಇಬ್ಬರು ನರ್ಸ್, ಒಬ್ಬರು ಡ್ಯೂಟಿ ಡಾಕ್ಟರ್, ಒಂದು ಬೈಫೇಸಿಕ್ ಡಿಫಿಬ್ರಿಲೇಟರ್ (ಶಾಕ್ ಕೊಡುವ ಯಂತ್ರ) ಇರುವ ಜಾಗ ಎಂದು ತಿಳಿದು ಹೇಳಿ.

ತುರ್ತು_ರಾಯಚೂರು

ಸಿಸ್ಟರ್, ಅಡ್ರಿನಲಿನ್ ಬಗ್ಗೆ ನಾನು ಬರೆಯುತ್ತೇನೆ. ಅಮಿಯೋಡರೋನ್ ವಿಷಯ ಅರಿವಳಿಕೆಯವರು ಚೆನ್ನಾಗಿ ಹೇಳುತ್ತಾರೆ.

ದೊಡ್ಡವರಿಗೆ 1 ಮಿ.ಗ್ರಾಂ, ಐವಿ (ರಕ್ತನಾಳಕ್ಕೆ) ಅಥವಾ ಮೂಳೆಯೊಳಗೆ, 3ರಿಂದ 5 ನಿಮಿಷಕ್ಕೊಮ್ಮೆ. ನಮ್ಮಲ್ಲಿ ಸಿಗುವ ಆಂಪೂಲ್ 1 ಮಿ.ಲೀ., 1:1000. ಅಂದರೆ ಒಂದು ಆಂಪೂಲ್ ಎಂದರೆ ಸರಿಯಾಗಿ 1 ಮಿ.ಗ್ರಾಂ. ಹೊರದೇಶದ ತರಬೇತಿ ವಿಡಿಯೋಗಳಲ್ಲಿ ಕಾಣುವ 10 ಮಿ.ಲೀ. ತುಂಬಿದ ಸಿರಿಂಜ್‌ನಲ್ಲಿ ಇರುವುದು 1:10,000, ಅದರಲ್ಲೂ ಒಟ್ಟು ಔಷಧಿ 1 ಮಿ.ಗ್ರಾಂ ಅಷ್ಟೇ. ಪಲ್ಸ್ ಇಲ್ಲದ ದೊಡ್ಡವರಿಗೆ ಡೈಲ್ಯೂಟ್ ಮಾಡದೆಯೂ ಕೊಡಬಹುದು, ಆದರೆ ಹಿಂದೆಯೇ 20 ಮಿ.ಲೀ. ಎನ್‌ಎಸ್ (ಸಾಮಾನ್ಯ ಸಲೈನ್) ರಭಸವಾಗಿ ತಳ್ಳಿ ಕೈಯನ್ನು 10-20 ಸೆಕೆಂಡ್ ಮೇಲೆತ್ತಿ ಹಿಡಿಯಬೇಕು. ಬರೀ 1 ಮಿ.ಲೀ. ತಳ್ಳಿ ಕೈಬಿಟ್ಟರೆ ಔಷಧಿ ಕ್ಯಾನುಲಾ, ತ್ರೀ-ವೇ, ಮೊಣಕೈ ರಕ್ತನಾಳ ಇಷ್ಟರೊಳಗೇ ಕುಳಿತಿರುತ್ತದೆ. ಎದೆ ಒತ್ತುತ್ತಿರುವಾಗ ಹರಿಯುವ ರಕ್ತವೇ ಅಲ್ಪ, ಆದ್ದರಿಂದ ಫ್ಲಶ್ ಇಲ್ಲದ ಡೋಸ್ ಕೊಟ್ಟರೂ ಒಂದೇ, ಬಿಟ್ಟರೂ ಒಂದೇ. ಮುಂಗೈ ಹಿಂಭಾಗದ ನೀಲಿ ಕ್ಯಾನುಲಾಗಿಂತ ಮೊಣಕೈ ಮಡಿಕೆಯಲ್ಲಿ 18 ಗೇಜ್ ಹಾಕಿ. ಕಾಲಿನ ಲೈನ್ ಬೇಡ.

ಯಾವಾಗ ಕೊಡಬೇಕು ಎನ್ನುವುದೇ ಡೋಸ್‌ಗಿಂತ ದೊಡ್ಡ ವಿಷಯ. ಅಸಿಸ್ಟೋಲ್ (ಮಾನಿಟರ್‌ನಲ್ಲಿ ನೇರ ಗೆರೆ) ಅಥವಾ ಪಿಇಎ (ಗೆರೆ ಬಡಿಯುತ್ತದೆ, ಪಲ್ಸ್ ಇಲ್ಲ) ಇದ್ದರೆ ಲೈನ್ ಸಿಕ್ಕ ಕೂಡಲೇ ಮೊದಲ ಡೋಸ್, ಒಂದು ನಿಮಿಷವೂ ಕಾಯಬಾರದು. ವಿಎಫ್ (ಹೃದಯ ಬಡಿಯದೆ ಬರೀ ಅದುರುವುದು) ಅಥವಾ ಪಲ್ಸ್ ಇಲ್ಲದ ವಿಟಿ (ಹೃದಯದ ಕೆಳಕೋಣೆಯ ಅತಿವೇಗದ ಬಡಿತ) ಇದ್ದರೆ ಶಾಕ್ ಮೊದಲು. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಕ್ರಮದಲ್ಲಿ ಎರಡನೇ ಶಾಕ್ ನಂತರ ಅಡ್ರಿನಲಿನ್, ಯುರೋಪಿನವರ ಕ್ರಮದಲ್ಲಿ ಮೂರನೇ ಶಾಕ್ ನಂತರ. ಎರಡರಲ್ಲಿ ಒಂದನ್ನು ಹಿಡಿದುಕೊಳ್ಳಿ, ಆದರೆ ಮೊದಲ ಶಾಕ್‌ಗೂ ಮುಂಚೆ ಕೊಡುವ ಅವಸರ ಬೇಡ. ಶಾಕ್‌ಗೆ ಸ್ಪಂದಿಸಬಹುದಾದ ಹೃದಯದ ಮೇಲೆ ಅಡ್ರಿನಲಿನ್ ಹೊಡೆದರೆ ಅದರ ಆಮ್ಲಜನಕದ ಹಸಿವು ಹೆಚ್ಚುತ್ತದೆ, ವಿಎಫ್ ಮರಳಿ ಬರುವ ಸಂಭವವೂ ಹೆಚ್ಚುತ್ತದೆ.

3-5 ನಿಮಿಷ ಎನ್ನುವುದನ್ನು ಗಡಿಯಾರ ನೋಡಿ ಲೆಕ್ಕ ಇಡುವವರು ಆ ಗಡಿಬಿಡಿಯಲ್ಲಿ ಯಾರೂ ಇರುವುದಿಲ್ಲ. ರಿದಮ್ ನೋಡುವುದು 2 ನಿಮಿಷಕ್ಕೊಮ್ಮೆ ತಾನೇ, ಒಂದು ಬಿಟ್ಟು ಒಂದು ಸಲಕ್ಕೆ ಒಂದು ಆಂಪೂಲ್ ಎಂದು ಇಟ್ಟುಕೊಳ್ಳಿ. ತಾನಾಗಿಯೇ 4 ನಿಮಿಷ ಆಗುತ್ತದೆ.

ಇನ್ನು ಇದರಿಂದ ಎಷ್ಟು ಉಪಯೋಗ? ಬ್ರಿಟನ್ನಿನ ಪ್ಯಾರಾಮೆಡಿಕ್-2 ಅಧ್ಯಯನ 2018ರಲ್ಲಿ ಪ್ರಕಟವಾಯಿತು, ಆಸ್ಪತ್ರೆಯ ಹೊರಗೆ ಹೃದಯ ನಿಂತ 8,000ಕ್ಕೂ ಹೆಚ್ಚು ಜನ ಅದರಲ್ಲಿದ್ದರು. 30 ದಿನಕ್ಕೆ ಬದುಕಿದ್ದವರು ಅಡ್ರಿನಲಿನ್ ಗುಂಪಿನಲ್ಲಿ 3.2%, ಸಲೈನ್ ಗುಂಪಿನಲ್ಲಿ 2.4%. ಮಿದುಳು ನೆಟ್ಟಗಿದ್ದು ಮನೆಗೆ ಹೋದವರು 2.2% ಮತ್ತು 1.9%, ಆ ವ್ಯತ್ಯಾಸ ಲೆಕ್ಕಕ್ಕೆ ಹಿಡಿಯುವಷ್ಟಿಲ್ಲ. ಬದುಕಿದವರಲ್ಲಿ ತೀವ್ರ ನರದೌರ್ಬಲ್ಯ ಅಡ್ರಿನಲಿನ್ ಪಡೆದವರಲ್ಲೇ ಹೆಚ್ಚು, 31% ಮತ್ತು 17.8%. ಅಂದರೆ ಹೃದಯವನ್ನು ಎಬ್ಬಿಸುತ್ತದೆ, ಮಿದುಳನ್ನು ಕಾಯುವುದಿಲ್ಲ. ಮಿದುಳು ಕಾಯುವುದು ಎದೆ ಒತ್ತುವ ಕೈ: ನಿಮಿಷಕ್ಕೆ 100-120, ಆಳ 5-6 ಸೆಂ.ಮೀ., ಪ್ರತಿ ಸಲ ಎದೆ ಪೂರ್ತಿ ಮೇಲೆದ್ದು ಬರಬೇಕು. ಇಷ್ಟಿದ್ದರೂ ಪಟ್ಟಿಯಲ್ಲಿ ಅಡ್ರಿನಲಿನ್ ಮೊದಲೇ ಇರಲಿ, ಅದಕ್ಕೆ ಬದಲಿ ಇನ್ನೊಂದಿಲ್ಲ.

ಒಂದೇ ಎಚ್ಚರಿಕೆ. ಪಲ್ಸ್ ಇರುವವರಿಗೆ ಈ 1 ಮಿ.ಗ್ರಾಂ ಐವಿ ಕೊಡಲೇಬಾರದು. ಹಾವಿನ ವಿಷದ ಪ್ರತಿವಿಷ ಹನಿಯುತ್ತಿರುವಾಗ ಅನಾಫಿಲ್ಯಾಕ್ಸಿಸ್ (ಜೀವಕ್ಕೆ ಅಪಾಯದ ಅಲರ್ಜಿ) ಆದರೆ ಅಡ್ರಿನಲಿನ್ 0.5 ಮಿ.ಗ್ರಾಂ, ತೊಡೆಯ ಹೊರಭಾಗದ ಮಾಂಸಕ್ಕೆ, ಬೇಕಾದರೆ 5 ನಿಮಿಷಕ್ಕೆ ಮತ್ತೊಂದು ಸಲ. ಅದೇ ಆಂಪೂಲ್, ಅದೇ ಸಿರಿಂಜ್, ಗಾಬರಿಯಲ್ಲಿ ಐವಿಗೆ ಪೂರ್ತಿ ಹೋದರೆ ಬಡಿಯುತ್ತಿದ್ದ ಹೃದಯ ವಿಎಫ್‌ಗೆ ಹೋಗುತ್ತದೆ.

108_ಸಿಂಧನೂರು

ಸರ್, ಲೈನ್ ಸಿಗದೇ ಇದ್ದಾಗ ಶ್ವಾಸನಾಳದ ಟ್ಯೂಬ್ ಮೂಲಕ ಹಾಕುವುದು ಈಗಲೂ ನಡೆಯುತ್ತದಾ? ಮತ್ತೆ ಮಕ್ಕಳ ಡೋಸ್ ಆಂಪೂಲ್ ಲೆಕ್ಕದಲ್ಲಿ ಹೇಳಿದರೆ ಅನುಕೂಲ. ಓಡುತ್ತಿರುವ ಗಾಡಿಯಲ್ಲಿ ಮಿ.ಗ್ರಾಂ ಭಾಗಾಕಾರ ಮಾಡೋದು ಕಷ್ಟ.

ತುರ್ತು_ರಾಯಚೂರು

ಟ್ಯೂಬ್ ದಾರಿ ಪೂರ್ತಿ ಮುಚ್ಚಿಲ್ಲ, ಆದರೆ ಕಡೆಯ ದಾರಿ. 2ರಿಂದ 2.5 ಮಿ.ಗ್ರಾಂ ಬೇಕು, 5-10 ಮಿ.ಲೀ.ಗೆ ಡೈಲ್ಯೂಟ್ ಮಾಡಿ ಹಾಕಬೇಕು. ಶ್ವಾಸಕೋಶದಿಂದ ಎಷ್ಟು ಹೀರುತ್ತದೆ ಎಂಬುದಕ್ಕೆ ಲೆಕ್ಕವೇ ಇಲ್ಲ. ಅರೆಬರೆ ಹೀರಿದರೆ ರಕ್ತನಾಳ ಬಿಗಿಯುವ ಬದಲು ಸಡಿಲಗೊಂಡು ಒತ್ತಡ ಇನ್ನೂ ಇಳಿಯಬಹುದು.

ಎರಡು ಪ್ರಯತ್ನದಲ್ಲಿ ಐವಿ ಸಿಗದಿದ್ದರೆ ಮೂಳೆಗೆ ಹೋಗಿ. ಮೊಣಕಾಲ ಕೆಳಗೆ ಮುಂದಕ್ಕೆ ಉಬ್ಬಿರುವ ಮೂಳೆಯ ಗಂಟು ಇದೆಯಲ್ಲ, ಅಲ್ಲಿಂದ ಒಳಬದಿಗೆ ಸರಿದರೆ ಸಿಗುವ ಚಪ್ಪಟೆ ಜಾಗ. ಸೂಜಿ ಬಿಗಿಯಾಗಿ ತಾನೇ ನಿಲ್ಲಬೇಕು, ಎನ್‌ಎಸ್ ತಳ್ಳಿದಾಗ ಕಾಲಿನ ಹಿಂದೆ ಮೀನಖಂಡ ಊದಬಾರದು. ಊದಿದರೆ ಸೂಜಿ ಆಚೆ ಬದಿಗೆ ತೂರಿದೆ ಎಂದರ್ಥ. ಅದೇ ಮೂಳೆಗೆ ಮತ್ತೆ ಚುಚ್ಚಬೇಡಿ, ಇನ್ನೊಂದು ಕಾಲು ನೋಡಿ. ಬ್ರಿಟನ್ ಮತ್ತು ಡೆನ್ಮಾರ್ಕ್‌ನ ಎರಡು ದೊಡ್ಡ ಅಧ್ಯಯನಗಳು 2024ರಲ್ಲಿ ಬಂದವು, ಐವಿ ಮತ್ತು ಮೂಳೆ ದಾರಿ ನಡುವೆ ಬದುಕುಳಿಯುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ. ಐವಿ ಸುಲಭವಾಗಿ ಸಿಗುವಾಗ ಐವಿಯೇ ಇರಲಿ.

ಮಕ್ಕಳಿಗೆ: ಒಂದು ಆಂಪೂಲ್ ಜೊತೆ 9 ಮಿ.ಲೀ. ಎನ್‌ಎಸ್ ಸೇರಿಸಿ 10 ಮಿ.ಲೀ. ಮಾಡಿ. ಅದರಲ್ಲಿ ಕಿಲೋಗೆ 0.1 ಮಿ.ಲೀ. 10 ಕಿಲೋ ಮಗುವಿಗೆ 1 ಮಿ.ಲೀ., 20 ಕಿಲೋಗೆ 2 ಮಿ.ಲೀ. ಮಕ್ಕಳ ವಿಷಯದಲ್ಲಿ ಡೈಲ್ಯೂಟ್ ಮಾಡದೆ ಸಿರಿಂಜ್ ಕೈಗೆ ತೆಗೆದುಕೊಳ್ಳಲೇಬಾರದು. ಆಂಪೂಲಿನಿಂದ ನೇರವಾಗಿ ಎಳೆದ 1 ಮಿ.ಲೀ. ಹೋದರೆ ಡೋಸ್ ಹತ್ತು ಪಟ್ಟು.

ಮಂಪರು_ಬಳ್ಳಾರಿ

ಅಮಿಯೋಡರೋನ್ ಇಲ್ಲದಿದ್ದರೆ ಲಿಗ್ನೋಕೇನ್ ಕೊಡಬಹುದೇ ಎಂಬ ಪ್ರಶ್ನೆಗೆ ಉತ್ತರ: ಧಾರಾಳವಾಗಿ ಕೊಡಬಹುದು. ಆದರೆ ಯಾವ ಲಿಗ್ನೋಕೇನ್ ಎಂದು ಬಾಟಲಿ ತಿರುಗಿಸಿ ಓದಿದ ಮೇಲೆ.

ಮೊದಲಿಗೆ, ಇವೆರಡೂ ಬೇಕಾಗುವುದು ಶಾಕ್ ಕೊಟ್ಟರೂ ಬಿಡದ ವಿಎಫ್/ವಿಟಿಗೆ ಮಾತ್ರ. ಅಸಿಸ್ಟೋಲ್, ಪಿಇಎಗೆ ಇವುಗಳ ಕೆಲಸವೇ ಇಲ್ಲ.

ಅಮಿಯೋಡರೋನ್ ಆಂಪೂಲ್ 3 ಮಿ.ಲೀ., 150 ಮಿ.ಗ್ರಾಂ. ಮೂರನೇ ಶಾಕ್ ನಂತರ 300 ಮಿ.ಗ್ರಾಂ, ಅಂದರೆ ಎರಡು ಆಂಪೂಲ್. ಆಮೇಲೂ ವಿಎಫ್ ಉಳಿದರೆ 150 ಮಿ.ಗ್ರಾಂ, ಇನ್ನೊಂದು ಆಂಪೂಲ್. ಒಬ್ಬ ರೋಗಿಗೆ ಮೂರು, ಅಲ್ಲಿಗೆ ಮುಗಿಯಿತು. 5% ಡೆಕ್ಸ್‌ಟ್ರೋಸ್‌ನಲ್ಲಿ 20 ಮಿ.ಲೀ.ಗೆ ತಂದು ತಳ್ಳಿ, ಹಿಂದೆ ಫ್ಲಶ್. ಇದರ ದ್ರಾವಕದಲ್ಲಿ ಪಾಲಿಸಾರ್ಬೇಟ್ 80 ಇರುತ್ತದೆ, ಸಿರಿಂಜ್ ಕುಲುಕಿದರೆ ಸೋಪಿನ ನೊರೆಯಂತೆ ಎದ್ದು ಅರ್ಧ ಔಷಧಿ ನೊರೆಯಲ್ಲೇ ಸಿಕ್ಕಿಕೊಳ್ಳುತ್ತದೆ. ನಿಧಾನ ಎಳೆಯಿರಿ, ಕುಲುಕಬೇಡಿ. ಪಲ್ಸ್ ಬಂದ ಮೇಲೆ ಬಿಪಿ ಇಳಿಸುವುದರಲ್ಲೂ ಈ ದ್ರಾವಕದ ಪಾಲಿದೆ. ಡ್ರಿಪ್‌ಗೆ ಎನ್‌ಎಸ್ ಬೇಡ, ಡೆಕ್ಸ್‌ಟ್ರೋಸ್ ಮಾತ್ರ.

ಲಿಗ್ನೋಕೇನ್ ಕಿಲೋಗೆ 1ರಿಂದ 1.5 ಮಿ.ಗ್ರಾಂ. 2% ಎಂದರೆ ಪ್ರತಿ ಮಿ.ಲೀ.ಗೆ 20 ಮಿ.ಗ್ರಾಂ. 60 ಕಿಲೋ ತೂಕಕ್ಕೆ 3ರಿಂದ 4.5 ಮಿ.ಲೀ. ಎರಡನೇ ಸಲ ಅದರ ಅರ್ಧ, 1.5ರಿಂದ 2.25 ಮಿ.ಲೀ. ಒಟ್ಟು ಕಿಲೋಗೆ 3 ಮಿ.ಗ್ರಾಂ ದಾಟಬಾರದು, 60 ಕಿಲೋಗೆ 9 ಮಿ.ಲೀ.

ಬಾಟಲಿ ವಿಷಯಕ್ಕೆ ಬರೋಣ. ಗಾಯ ಹೊಲಿಯುವಾಗ ಬಳಸುವ 30 ಮಿ.ಲೀ. ಬಾಟಲಿ ಎರಡು ಥರ ಬರುತ್ತದೆ, ಒಂದು ಬರೀ ಲಿಗ್ನೋಕೇನ್, ಇನ್ನೊಂದು ಅಡ್ರಿನಲಿನ್ ಬೆರೆಸಿದ್ದು. ಎರಡನೆಯದನ್ನು ಐವಿಗೆ ಯಾವ ಕಾಲಕ್ಕೂ ಎಳೆಯಬಾರದು. ಮೊದಲನೆಯದರಲ್ಲೂ ಸಾಮಾನ್ಯವಾಗಿ ಪ್ಯಾರಾಬೆನ್ ಸಂರಕ್ಷಕ ಇರುತ್ತದೆ. ಟ್ರಾಲಿಯಲ್ಲಿ ಇರಬೇಕಾದದ್ದು ಸಂರಕ್ಷಕವಿಲ್ಲದ, ಝೈಲೋಕಾರ್ಡ್ ಎಂಬಂಥ ಹೆಸರಿನಲ್ಲಿ ಹೃದಯಕ್ಕೆಂದೇ ಬರುವ 2% ಬಾಟಲಿ. ಡ್ರೆಸ್ಸಿಂಗ್ ಟ್ರಾಲಿಯ ಬಾಟಲಿ ಮತ್ತು ಇದು ಒಂದೇ ಕೋಣೆಯಲ್ಲಿದ್ದರೆ ಒಂದಲ್ಲ ಒಂದು ದಿನ ಅದಲು ಬದಲು ಆಗುತ್ತದೆ.

ಯಾವುದು ಮೇಲು? 2016ರ ಉತ್ತರ ಅಮೆರಿಕದ ಆಲ್ಪ್ಸ್ ಅಧ್ಯಯನದಲ್ಲಿ ಶಾಕ್‌ಗೆ ಜಗ್ಗದ ವಿಎಫ್/ವಿಟಿಯ 3,026 ರೋಗಿಗಳು. ಆಸ್ಪತ್ರೆಯಿಂದ ಜೀವಂತವಾಗಿ ಬಿಡುಗಡೆಯಾದವರು ಅಮಿಯೋಡರೋನ್‌ಗೆ 24.4%, ಲಿಗ್ನೋಕೇನ್‌ಗೆ 23.7%, ಸಲೈನ್‌ಗೆ 21%. ಒಟ್ಟಾರೆ ವ್ಯತ್ಯಾಸ ಸಂಖ್ಯಾಶಾಸ್ತ್ರಕ್ಕೆ ನಿಲ್ಲಲಿಲ್ಲ. ಆದರೆ ಯಾರಾದರೂ ಕಣ್ಣಾರೆ ಕಂಡಂತೆ ಕುಸಿದವರಲ್ಲಿ ಎರಡೂ ಔಷಧಿಗಳು ಸಲೈನ್‌ಗಿಂತ ಮೇಲಾದವು, ಅಂದರೆ ಬೇಗ ಸಿಕ್ಕರೆ ಔಷಧಿಗೆ ಕೆಲಸ ಇದೆ. ಅಲ್ಲಿ ಬಳಸಿದ ಅಮಿಯೋಡರೋನ್ ಪಾಲಿಸಾರ್ಬೇಟ್ ಇಲ್ಲದ ತಯಾರಿಕೆ ಎಂಬುದು ನೆನಪಿರಲಿ. ನಮ್ಮ ಆಂಪೂಲ್ ಬಿಪಿ ವಿಷಯದಲ್ಲಿ ಅದಕ್ಕಿಂತ ಒರಟು. 2018ರಿಂದ ಅಮೆರಿಕನ್ ಮಾರ್ಗಸೂಚಿ ಎರಡನ್ನೂ ಸರಿಸಮ ಎಂದೇ ಇಟ್ಟಿದೆ. ನನ್ನ ಅಭಿಪ್ರಾಯ ಕೇಳಿದರೆ, ಅಮಿಯೋಡರೋನ್ ಇಲ್ಲವೆಂದು ಬೇರೆ ವಾರ್ಡಿಗೆ ಓಡುವ 3 ನಿಮಿಷಕ್ಕಿಂತ ಕೈಯಲ್ಲಿರುವ ಸರಿಯಾದ ಲಿಗ್ನೋಕೇನ್ ಲೇಸು. ಎರಡನ್ನೂ ಒಬ್ಬರಿಗೇ ಸುರಿಯುವುದು ಬೇಡ.

ಇನ್ನೊಂದು, ಔಷಧಿಗಿಂತ ಮುಂಚಿನದು. ಮೂರು ಶಾಕ್‌ಗೂ ವಿಎಫ್ ಹೋಗದಿದ್ದರೆ ಪ್ಯಾಡ್ ಜಾಗ ಬದಲಿಸಿ, ಒಂದು ಎದೆಯ ಮುಂದೆ, ಒಂದು ಬೆನ್ನಿಗೆ. ಕೆನಡಾದಲ್ಲಿ 405 ರೋಗಿಗಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಪ್ಯಾಡ್ ಹಾಗೇ ಇಟ್ಟವರಲ್ಲಿ 13.3% ಬದುಕಿದರೆ, ಜಾಗ ಬದಲಿಸಿದವರಲ್ಲಿ 21.7%. ಎರಡು ಯಂತ್ರ ಬಳಸಿ ಒಂದರ ಹಿಂದೊಂದು ಶಾಕ್ ಕೊಟ್ಟವರಲ್ಲಿ 30.4%, ಆದರೆ ತಾಲ್ಲೂಕಿನಲ್ಲಿ ಎರಡು ಯಂತ್ರ ಎಲ್ಲಿಂದ ಬರಬೇಕು! ಪ್ಯಾಡ್ ಬದಲಿಸುವುದಕ್ಕೆ ಇಂಡೆಂಟ್ ಬೇಕಿಲ್ಲ. ಪ್ಯಾಡಲ್ ಮಾತ್ರ ಇರುವ ಯಂತ್ರದಲ್ಲಿ ಬೆನ್ನಿಗೆ ಇಡಲು ಆಗುವುದಿಲ್ಲ, ಅಂಟಿಸುವ ಪ್ಯಾಡ್ ಒಂದು ಜೊತೆ ತರಿಸಿಡಿ.

ಕುಷ್ಟಗಿ_ಸಿಸ್ಟರ್

ಧನ್ಯವಾದ ಸರ್. ಬಾಟಲಿ ವಿಷಯ ಈಗಲೇ ಹೋಗಿ ನೋಡುತ್ತೇನೆ. ಅಟ್ರೋಪಿನ್, ಬೈಕಾರ್ಬ್, ಕ್ಯಾಲ್ಸಿಯಂ ಬಗ್ಗೆ ಯಾರಾದರೂ ಹೇಳಿ. "ಹಾಕಿದರೆ ಏನು ನಷ್ಟ" ಎನ್ನುವವರಿಗೆ ಏನು ಹೇಳಲಿ?

ಮೆಡಿಸಿನ್_ಮಾನ್ವಿ

ನಷ್ಟ ಇದೆ ಸಿಸ್ಟರ್. ಕ್ಯಾಲ್ಸಿಯಂನಿಂದಲೇ ಶುರು ಮಾಡೋಣ, ಅದಕ್ಕೆ ಸಾಕ್ಷಿ ಗಟ್ಟಿಯಾಗಿದೆ. ಡೆನ್ಮಾರ್ಕ್‌ನಲ್ಲಿ ಆಸ್ಪತ್ರೆ ಹೊರಗೆ ಹೃದಯ ನಿಂತವರಿಗೆ ಕ್ಯಾಲ್ಸಿಯಂ ಅಥವಾ ಸಲೈನ್ ಕೊಟ್ಟು ನೋಡಿದರು, 2021ರಲ್ಲಿ ಫಲಿತಾಂಶ ಬಂತು. 391 ರೋಗಿಗಳಾಗುವಷ್ಟರಲ್ಲಿ ಅಧ್ಯಯನ ನಿಲ್ಲಿಸಬೇಕಾಯಿತು. ಪಲ್ಸ್ ಮರಳಿ ಬಂದದ್ದು ಕ್ಯಾಲ್ಸಿಯಂ ಪಡೆದವರಲ್ಲಿ 19%, ಸಲೈನ್ ಪಡೆದವರಲ್ಲಿ 27%. ಎಲ್ಲರಿಗೂ ಹಾಕುವ ಅಭ್ಯಾಸ ಬಿಡಲು ಇಷ್ಟು ಸಾಕು.

ಹಾಗಂತ ಟ್ರಾಲಿಯಿಂದ ತೆಗೆಯಬೇಡಿ. ಡಯಾಲಿಸಿಸ್ ತಪ್ಪಿಸಿಕೊಂಡ ರೋಗಿ, ಮಾನಿಟರ್‌ನಲ್ಲಿ ಅಗಲವಾದ ವಿಕಾರ ಕಾಂಪ್ಲೆಕ್ಸ್ (ಬಡಿತದ ಗೆರೆ), ಅಂದರೆ ಪೊಟ್ಯಾಸಿಯಂ ಏರಿದೆ ಎಂದು ತಿಳಿಯಿರಿ. ಅಲ್ಲಿ ಕ್ಯಾಲ್ಸಿಯಂ ಜೀವ ಉಳಿಸುತ್ತದೆ. ಆದರೆ ಒಂದು ಆಂಪೂಲ್ ಹಾಕಿ ಕೈತೊಳೆದುಕೊಳ್ಳುವುದು ತಪ್ಪು. ಪುಸ್ತಕದಲ್ಲಿ 10 ಮಿ.ಲೀ. ಎಂದು ಬರೆದಿರುವುದು ಕ್ಯಾಲ್ಸಿಯಂ ಕ್ಲೋರೈಡ್‌ಗೆ. ನಮ್ಮಲ್ಲಿ ಇರುವುದು ಬಹುತೇಕ ಗ್ಲುಕೋನೇಟ್, ಅದರಲ್ಲಿ ಕ್ಯಾಲ್ಸಿಯಂ ಮೂರನೇ ಒಂದು ಭಾಗ. ಆದ್ದರಿಂದ 10% ಗ್ಲುಕೋನೇಟ್ 30 ಮಿ.ಲೀ., ಮೂರು ಆಂಪೂಲ್. ಜೊತೆಗೆ ರೆಗ್ಯುಲರ್ ಇನ್ಸುಲಿನ್ 10 ಯೂನಿಟ್, 25% ಡೆಕ್ಸ್‌ಟ್ರೋಸ್ 100 ಮಿ.ಲೀ.

ಬೈಕಾರ್ಬ್‌ಗೂ ಇದೇ ನ್ಯಾಯ: ಪೊಟ್ಯಾಸಿಯಂ ಏರಿದವರಿಗೆ, ಅಮಿಟ್ರಿಪ್ಟಿಲಿನ್‌ನಂಥ ಖಿನ್ನತೆಯ ಮಾತ್ರೆ ಅತಿಯಾಗಿ ನುಂಗಿದವರಿಗೆ ಮಾತ್ರ. ಉಳಿದವರಿಗೆ ಹಾಕಿದರೆ ಅದು ಒಡೆದು ಇಂಗಾಲದ ಡೈಆಕ್ಸೈಡ್ ಆಗುತ್ತದೆ, ಅದನ್ನು ಹೊರಹಾಕಲು ಸರಿಯಾದ ಉಸಿರಾಟ ಬೇಕು. ಅಂಬುಬ್ಯಾಗ್ ಅರೆಬರೆ ಒತ್ತುತ್ತಿದ್ದರೆ ಆ ಅನಿಲ ಜೀವಕೋಶದೊಳಗೆ ನುಗ್ಗಿ ಆಮ್ಲತೆ ಇನ್ನಷ್ಟು ಹೆಚ್ಚುತ್ತದೆ. ರಕ್ತದ ವರದಿ ಚೆಂದ ಕಾಣುತ್ತದೆ, ಹೃದಯದ ಸ್ನಾಯು ಸೊರಗುತ್ತದೆ. ಪ್ರಮಾಣವೂ ಗಮನಿಸಿ: ಡೋಸ್ ಕಿಲೋಗೆ 1 ಮಿಲಿ ಈಕ್ವಿವಲೆಂಟ್. ನಮ್ಮ 7.5% ದ್ರಾವಣದಲ್ಲಿ ಪ್ರತಿ ಮಿ.ಲೀ.ಗೆ ಸುಮಾರು 0.9 ಇದೆ. 60 ಕಿಲೋಗೆ 67 ಮಿ.ಲೀ. ಬೇಕು, 10 ಮಿ.ಲೀ. ಆಂಪೂಲ್ ಆದರೆ ಏಳು. "ಬೈಕಾರ್ಬ್ ಒಂದು ಹಾಕಿ" ಎಂದರೆ ಬೇಕಾದವರಿಗೆ ಸಾಲದು, ಬೇಡದವರಿಗೆ ಬರೀ ಸೋಡಿಯಂ.

ಮುಖ್ಯವಾದ ಮಾತು: ಬೈಕಾರ್ಬ್ ಮತ್ತು ಕ್ಯಾಲ್ಸಿಯಂ ಒಂದೇ ಲೈನಿನಲ್ಲಿ ಹಿಂದೆಮುಂದೆ ಹೋದರೆ ಸುಣ್ಣದ ಪುಡಿಯಂತೆ ಗರಣೆಗಟ್ಟಿ ಕ್ಯಾನುಲಾ ಕಟ್ಟುತ್ತದೆ. ಬೈಕಾರ್ಬ್ ಹಿಂದೆ ಅಡ್ರಿನಲಿನ್ ಹೋದರೆ ಅದರ ಶಕ್ತಿ ಕುಂದುತ್ತದೆ. ಎರಡರ ನಡುವೆ 20 ಮಿ.ಲೀ. ಎನ್‌ಎಸ್, ಇಲ್ಲದಿದ್ದರೆ ಬೇರೆ ಲೈನ್.

ಅಟ್ರೋಪಿನ್ 2010ರಲ್ಲೇ ಅಸಿಸ್ಟೋಲ್/ಪಿಇಎ ಕ್ರಮದಿಂದ ಹೊರಬಿದ್ದಿದೆ. ಪಲ್ಸ್ ಇದ್ದು ತೀರಾ ನಿಧಾನ ಬಡಿಯುತ್ತಾ ಬಿಪಿ ಇಳಿದವರಿಗೆ ಈಗಲೂ ಮೊದಲ ಔಷಧಿ ಅದೇ. 1 ಮಿ.ಗ್ರಾಂ, 3-5 ನಿಮಿಷಕ್ಕೊಮ್ಮೆ, ಒಟ್ಟು 3 ಮಿ.ಗ್ರಾಂ. ಆಂಪೂಲ್ 0.6 ಮಿ.ಗ್ರಾಂ ಆದ್ದರಿಂದ ಎರಡು ಒಡೆದು ಕೊಟ್ಟರೆ 1.2, ತೊಂದರೆ ಇಲ್ಲ. 0.5ಕ್ಕಿಂತ ಕಡಿಮೆ ಕೊಟ್ಟರೆ ಬಡಿತ ಇನ್ನೂ ನಿಧಾನವಾಗಬಹುದು.

ನಮ್ಮ ಭಾಗದಲ್ಲಿ ಅಟ್ರೋಪಿನ್‌ನ ನಿಜವಾದ ಕೆಲಸ ಬೇರೆ. ಹತ್ತಿ, ಮೆಣಸಿನಕಾಯಿ, ಭತ್ತ ಬೆಳೆಯುವ ಸೀಮೆ, ಔಷಧಿ ಹೊಡೆಯುವ ಡಬ್ಬಿ ಮನೆಮನೆಯಲ್ಲಿದೆ. ಆರ್ಗನೋಫಾಸ್ಫರಸ್ ಕೀಟನಾಶಕ ಕುಡಿದು ಬಂದವರಿಗೆ ಮೊದಲ ಡೋಸ್ 1.8ರಿಂದ 3 ಮಿ.ಗ್ರಾಂ, 5 ನಿಮಿಷಕ್ಕೊಮ್ಮೆ ದುಪ್ಪಟ್ಟು. 5 ಆಂಪೂಲಿನಿಂದ ಶುರುವಾದರೆ 5, 10, 20, 40. ನಾಲ್ಕೇ ಡೋಸಿಗೆ 75 ಆಂಪೂಲ್, ಕಾಲು ಗಂಟೆಯ ಕೆಲಸ. ಟ್ರಾಲಿಯ ಹತ್ತು ಆಂಪೂಲ್ ಯಾವ ಮೂಲೆಗೆ? ಇದಕ್ಕೆ ಬೇರೆ ಡಬ್ಬಿ ಮಾಡಿ, ಮಲ್ಟಿಡೋಸ್ ವಯಲ್ ಸಿಕ್ಕರೆ ಅದನ್ನೇ ತರಿಸಿ. ನಿಲ್ಲಿಸುವ ಗುರುತು ಕಣ್ಣಿನ ಪಾಪೆಯಲ್ಲ. ಎದೆಯ ಗೊರಗೊರ ಶಬ್ದ ಹೋಗಬೇಕು, ಕಂಕುಳು ಒಣಗಬೇಕು, ಬಡಿತ 80 ದಾಟಬೇಕು, ಮೇಲಿನ ಬಿಪಿ 80 ದಾಟಬೇಕು. ಇವರ ಹೃದಯ ನಿಲ್ಲುವುದು ಬಹುಪಾಲು ಉಸಿರುಕಟ್ಟಿ, ಹಾಗಾಗಿ ಸಕ್ಷನ್, ಟ್ಯೂಬ್, ಆಮ್ಲಜನಕ ಮೊದಲು. ಟ್ಯೂಬ್ ಹಾಕಲು ಸ್ನಾಯು ಸಡಿಲಿಸುವ ಸಕ್ಸಿನೈಲ್‌ಕೋಲಿನ್ ಬೇಡ, ಇವರಲ್ಲಿ ಅದರ ಪರಿಣಾಮ ಇಳಿಯಲು ಬಹಳ ಹೊತ್ತು ಹಿಡಿಯುತ್ತದೆ.

ವ್ಯಾಸೋಪ್ರೆಸಿನ್ ತರಿಸಬೇಡಿ. 2015ರಲ್ಲೇ ಕ್ರಮದಿಂದ ಬಿಟ್ಟಿದ್ದಾರೆ, ಅಡ್ರಿನಲಿನ್‌ಗಿಂತ ಏನೂ ಹೆಚ್ಚಿಲ್ಲ.

ಮೆಡಿಸಿನ್_ಪಿಜಿ

ವ್ಯಾಸೋಪ್ರೆಸಿನ್ ಜೊತೆ ಮೀಥೈಲ್‌ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಕೊಟ್ಟ ಡೆನ್ಮಾರ್ಕ್ ಅಧ್ಯಯನ 2021ರಲ್ಲಿ ಬಂತಲ್ಲ ಸರ್, ಪಲ್ಸ್ ಮರಳಿದ್ದು ಔಷಧಿ ಗುಂಪಿನಲ್ಲಿ 42%, ಸಲೈನ್ ಗುಂಪಿನಲ್ಲಿ 33%. ಒಂದೇ ಮಾತಲ್ಲಿ ತಳ್ಳಿಹಾಕಬಹುದೇ? ಇನ್ನೊಂದು ಪ್ರಶ್ನೆ, ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕಿಗೆ ಹೆಪ್ಪು ಕರಗಿಸುವ ಟೆನೆಕ್ಟಿಪ್ಲೇಸ್ ಬರುತ್ತದೆ. ಹೃದಯಾಘಾತದಿಂದಲೇ ಪಲ್ಸ್ ನಿಂತಿದೆ ಅನಿಸಿದರೆ ಸಿಪಿಆರ್ ನಡುವೆ ಅದನ್ನು ಕೊಡಬಹುದೇ?

ಮೆಡಿಸಿನ್_ಮಾನ್ವಿ

ಪಲ್ಸ್ ಮರಳಿತು, ನಿಜ. ಆದರೆ 30 ದಿನಕ್ಕೆ ಬದುಕಿದ್ದವರು 9.7% ಮತ್ತು 12%, ಔಷಧಿ ಗುಂಪಿನಲ್ಲೇ ಕಡಿಮೆ. ಐಸಿಯು ಹಾಸಿಗೆ ತುಂಬಿತು, ಮನೆಗೆ ಹೋದವರು ಹೆಚ್ಚಲಿಲ್ಲ. ತಾಲ್ಲೂಕಿನ ಟ್ರಾಲಿಗೆ ಇದು ಬೇಡ ಎಂಬ ಮಾತಿಗೆ ನಾನು ಬದ್ಧ.

ಟೆನೆಕ್ಟಿಪ್ಲೇಸ್ ಇರುವುದು ಪಲ್ಸ್ ಇರುವ, ಇಸಿಜಿಯಲ್ಲಿ ಎಸ್‌ಟಿ ಎಂಬ ಗೆರೆಯ ಭಾಗ ಮೇಲೆದ್ದಿರುವ ರೋಗಿಗೆ. ಹೃದಯ ನಿಂತವರಿಗೆ ಕಣ್ಣುಮುಚ್ಚಿ ಕೊಟ್ಟು ನೋಡಿದ ಯುರೋಪಿನ ಅಧ್ಯಯನ 2008ರಲ್ಲಿ ಬಂದಿದೆ, ಉಪಯೋಗ ಕಾಣಲಿಲ್ಲ, ತಲೆಯೊಳಗಿನ ರಕ್ತಸ್ರಾವ ಮಾತ್ರ ಹೆಚ್ಚಿತು. ಒಂದೇ ಅಪವಾದ ಶ್ವಾಸಕೋಶದ ರಕ್ತನಾಳಕ್ಕೆ ಹೆಪ್ಪು ಸಿಕ್ಕಿಕೊಂಡಿದೆ ಎಂಬ ಬಲವಾದ ಅನುಮಾನ: ಕಾಲು ಮುರಿದು ಮಲಗಿದ್ದವರು, ಒಂದೇ ಮೀನಖಂಡ ಊದಿದವರು, ಪಿಇಎ. ಕೊಟ್ಟ ಮೇಲೆ 60-90 ನಿಮಿಷ ಸಿಪಿಆರ್ ಎಳೆಯುವ ಜನಬಲ ಇದೆಯೇ ಎಂದು ಕೊಡುವ ಮುಂಚೆ ಯೋಚಿಸಿ.

ಫಾರ್ಮಸಿ_ಗಂಗಾವತಿ

ಡಾಕ್ಟ್ರು ಡೋಸ್ ಹೇಳ್ಯಾರ, ನಾ ಇಡೋ ರೀತಿ ಹೇಳ್ತೀನ್ರಿ ಸಿಸ್ಟರ್.

ನಮ್ ಕಡಿ ಬ್ಯಾಸಿಗ್ಯಾಗ 40 ಡಿಗ್ರಿ ದಾಟೋದು ಹೊಸದೇನಲ್ಲ. ಅಡ್ರಿನಲಿನ್ ಆಂಪೂಲ್ 25 ಡಿಗ್ರಿ ಒಳಗ, ಬೆಳಕು ಬೀಳದಂಗ ಇರ್ಬೇಕಂತ ಲೇಬಲ್ ಮ್ಯಾಲೇ ಬರ್ದಿರ್ತದ. ಟ್ರಾಲಿ ಕಿಟಕಿ ಬಾಜೂಕ ನಿಲ್ಲಿಸಿದ್ರ ಎಕ್ಸ್‌ಪೈರಿ ಬರೋಕಿಂತ ಮುಂಚೇನೇ ಔಷಧಿ ಹೋಗಿರ್ತೈತಿ. ಆಂಪೂಲ್ ಬಿಳಿ ಹಾಳಿ ಮುಂದ ಹಿಡ್ದು ನೋಡ್ರಿ. ನೀರಿನಂಗ ತಿಳಿ ಇರ್ಬೇಕು. ಗುಲಾಬಿ ಬಣ್ಣ, ಕಂದು ಬಣ್ಣ, ಇಲ್ಲಾ ತಳದಾಗ ಕಣ ಕಂಡ್ರ ತೆಗ್ದು ಬಿಸಾಕ್ರಿ. ಗಾಡಿ ಒಳಗ ಇಡೋರು ಇದನ್ನ ಇನ್ನೂ ಜಾಸ್ತಿ ನೋಡ್ಬೇಕು, ಬಿಸಿಲಿಗೆ ನಿಂತ 108 ಒಳಗ ಕಾವು ಹೊರಗಿಗಿಂತ ಜಾಸ್ತಿ. ಹಂಗಂತ ಫ್ರಿಜ್ಜಿನ್ಯಾಗ ಇಟ್ಟು ಬೀಗ ಹಾಕಬ್ಯಾಡ್ರಿ. ಟ್ರಾಲಿ ತಂಪು ಕೋಣಿಗೆ ಹಾಕ್ರಿ, ಆಂಪೂಲ್ ಡಬ್ಬಿಯಿಂದ ಹೊರಗ ತೆಗ್ದು ಸಾಲಾಗಿ ಜೋಡಿಸೋದು ಬಿಡ್ರಿ.

ಎಷ್ಟು ಇಡ್ಬೇಕು? 40 ನಿಮಿಷ ನಡದ್ರ 4 ನಿಮಿಷಕ್ಕೊಂದು ಲೆಕ್ಕದಾಗ ಹತ್ತೋ ಹನ್ನೊಂದೋ ಅಡ್ರಿನಲಿನ್ ಹೋಗ್ತಾವ. 15 ಇಡ್ರಿ. ಅಮಿಯೋಡರೋನ್ ಒಬ್ಬರಿಗೆ 3, ಪಲ್ಸ್ ಬಂದ ಮ್ಯಾಲೆ ಡ್ರಿಪ್ಪಿಗೆ ಮೊದಲ 6 ತಾಸು ನಿಮಿಷಕ್ಕ 1 ಮಿ.ಗ್ರಾಂ, ಆಮ್ಯಾಲೆ 18 ತಾಸು ಅದರ ಅರ್ಧ, ಒಟ್ಟು 900 ಮಿ.ಗ್ರಾಂ, ಅಂದ್ರ ಇನ್ನೂ 6. ಟ್ರಾಲಿನ್ಯಾಗ 6, ಸ್ಟೋರಿನ್ಯಾಗ 6 ಸಾಕು. ಮ್ಯಾಗ್ನೀಸಿಯಂ 4, ಕ್ಯಾಲ್ಸಿಯಂ ಗ್ಲುಕೋನೇಟ್ 6, 25% ಡೆಕ್ಸ್‌ಟ್ರೋಸ್ 100 ಮಿ.ಲೀ. ಎರಡು. ಎನ್‌ಎಸ್ 10 ಮಿ.ಲೀ. ಆಂಪೂಲ್ ಇಪ್ಪತ್ತರ ಮ್ಯಾಲೆ ಇರ್ಲಿ. ಎಲ್ಲಕ್ಕಿಂತ ಮೊದಲ ಖಾಲಿ ಆಗೋದು ಅದೇ ನೋಡ್ರಿ, ಇಂಡೆಂಟಿನ್ಯಾಗ ಎಲ್ಲರೂ ಮರೆಯೋದೂ ಅದೇ.

ಡೆಕ್ಸಾ, ಡೆರಿಫಿಲಿನ್ ಮ್ಯಾಲಿನ ಡ್ರಾದಿಂದ ತೆಗ್ದು ಕೆಳಗ ಹಾಕ್ರಿ. ಅಟ್ರೋಪಿನ್ ಮತ್ತ ಅಡ್ರಿನಲಿನ್ ಎರಡೂ 1 ಮಿ.ಲೀ. ಆಂಪೂಲ್, ಕಂಪನಿ ಬದಲಾದ್ರ ಲೇಬಲ್ ಬಣ್ಣಾನೂ ಬದಲಾಗ್ತದ. ಬಣ್ಣ ನಂಬಬ್ಯಾಡ್ರಿ. ಎರಡ್ರ ನಡುವ ಒಂದು ಖಾನಿ ಬಿಟ್ಟು ಇಡ್ರಿ. ಪೊಟ್ಯಾಸಿಯಂ ಕ್ಲೋರೈಡ್ ಆಂಪೂಲ್ ಅಂತೂ ಆ ಟ್ರಾಲಿ ಹತ್ರಾನೂ ಸುಳಿಬಾರ್ದು.

ಮಂಪರು_ಬಳ್ಳಾರಿ

ಪೊಟ್ಯಾಸಿಯಂ ಮಾತಿಗೆ ನೂರಕ್ಕೆ ನೂರು ಸಹಮತ.

ಪಲ್ಸ್ ಮರಳಿದ ಮೇಲಿನ ಹತ್ತು ನಿಮಿಷದ ಬಗ್ಗೆ ಯಾರೂ ಬರೆದಿಲ್ಲ. ಅಡ್ರಿನಲಿನ್ ಅಮಲು ಇಳಿದಂತೆ ಬಿಪಿ ಕುಸಿದು ಮತ್ತೆ ಪಲ್ಸ್ ಹೋಗುತ್ತದೆ, ಆಂಬುಲೆನ್ಸ್ ಹತ್ತಿಸುವ ಹೊತ್ತಿಗೆ ಸರಿಯಾಗಿ. ಸರಾಸರಿ ಬಿಪಿ 65ರ ಕೆಳಗೆ ಬಿಡಬಾರದು. ಬಿಪಿ ಏರಿಸುವ ನಾರ್‌ಅಡ್ರಿನಲಿನ್ 4 ಮಿ.ಗ್ರಾಂ ಬೇಸ್ (ಲವಣದ ತೂಕ ಬಿಟ್ಟ ಔಷಧಿ) ಅನ್ನು 50 ಮಿ.ಲೀ.ಗೆ ತನ್ನಿ, 60 ಕಿಲೋಗೆ ಗಂಟೆಗೆ 4.5 ಮಿ.ಲೀ. ಓಡಿಸಿದರೆ ನಿಮಿಷಕ್ಕೆ ಕಿಲೋಗೆ 0.1 ಮೈಕ್ರೋಗ್ರಾಂ. ಲೇಬಲ್‌ನಲ್ಲಿ ಬರೆದ ತೂಕ ಟಾರ್ಟ್ರೇಟ್‌ನದೋ ಬೇಸ್‌ನದೋ ನೋಡಿ. 2 ಮಿ.ಗ್ರಾಂ ಟಾರ್ಟ್ರೇಟ್ ಎಂದರೆ ಬೇಸ್ 1 ಮಿ.ಗ್ರಾಂ ಮಾತ್ರ. ಇದನ್ನು ಓದದೆ ತಯಾರಿಸಿದರೆ ಡೋಸ್ ಅರ್ಧ, "ನಾರ್‌ಅಡ್ರಿನಲಿನ್ ಕೆಲಸ ಮಾಡುತ್ತಿಲ್ಲ" ಎಂಬ ದೂರು ಬರುವುದು ಹೀಗೆ.

ಪಂಪ್ ತರುವವರೆಗೆ: 10 ಮಿ.ಲೀ.ಗೆ ಡೈಲ್ಯೂಟ್ ಮಾಡಿದ ಅಡ್ರಿನಲಿನ್‌ನಿಂದ 1 ಮಿ.ಲೀ. ತೆಗೆದು ಮತ್ತೆ 9 ಮಿ.ಲೀ. ಎನ್‌ಎಸ್ ಸೇರಿಸಿ. ಈಗ ಪ್ರತಿ ಮಿ.ಲೀ.ಗೆ 10 ಮೈಕ್ರೋಗ್ರಾಂ. 0.5-1 ಮಿ.ಲೀ., 2ರಿಂದ 5 ನಿಮಿಷಕ್ಕೊಮ್ಮೆ. ಸಿರಿಂಜ್ ಮೇಲೆ ಪ್ಲಾಸ್ಟರ್ ಅಂಟಿಸಿ ಬರೆಯದೆ ಕೆಳಗಿಡಬೇಡಿ. ಪಕ್ಕದಲ್ಲೇ ಹತ್ತು ಪಟ್ಟು ಗಟ್ಟಿಯಾದದ್ದು ಅದೇ ಗಾತ್ರದ ಸಿರಿಂಜ್‌ನಲ್ಲಿ ಬಿದ್ದಿರುತ್ತದೆ.

ಆಪರೇಷನ್ ಥಿಯೇಟರ್ ಇದ್ದರೆ ಅಲ್ಲಿ 20% ಲಿಪಿಡ್ ಬಾಟಲಿ ಒಂದು ಇರಲಿ. ಮರಗಟ್ಟಿಸಲು ಕೊಡುವ ಬ್ಯೂಪಿವಕೇನ್ ರಕ್ತಕ್ಕೆ ಹೋಗಿ ಹೃದಯ ನಿಂತರೆ ಕಿಲೋಗೆ 1.5 ಮಿ.ಲೀ. ಒಮ್ಮೆಲೇ, ಆಮೇಲೆ ಡ್ರಿಪ್. ಅಂಥವರಿಗೆ ಅಡ್ರಿನಲಿನ್ ಕಿಲೋಗೆ 1 ಮೈಕ್ರೋಗ್ರಾಂ ಮೀರಬಾರದು, ಲಿಗ್ನೋಕೇನ್ ಅಂತೂ ಕೂಡದು.

ಕುಷ್ಟಗಿ_ಸಿಸ್ಟರ್

ಕೊನೆಯ ಪ್ರಶ್ನೆ. ಮ್ಯಾಗ್ನೀಸಿಯಂ ಹೆರಿಗೆ ವಾರ್ಡಿನಲ್ಲಿ ಬೇಕಾದಷ್ಟಿದೆ. ಪಲ್ಸ್ ನಿಂತವರಿಗೆ ಯಾವಾಗ?

ತುರ್ತು_ರಾಯಚೂರು

ಅಲೆ ಅಲೆಯಾಗಿ ತಿರುಚಿಕೊಂಡು ದಪ್ಪವಾಗಿ ಸಣ್ಣವಾಗಿ ಓಡುವ ಟೋರ್ಸೇಡ್ಸ್ ವಿಟಿ ಕಂಡರೆ ಮಾತ್ರ. 50% ಆಂಪೂಲ್ 2 ಮಿ.ಲೀ., 1 ಗ್ರಾಂ. ಎರಡು ಆಂಪೂಲ್ 10 ಮಿ.ಲೀ.ಗೆ ತಂದು ಕೊಡಿ. ಮಾಮೂಲಿ ವಿಎಫ್‌ಗೆ ಪ್ರಯೋಜನವಿಲ್ಲ.

ಹೆರಿಗೆ ವಾರ್ಡಿನಲ್ಲಿ ಚಿಂತೆ ಉಲ್ಟಾ. ಫಿಟ್ಸ್‌ಗೆಂದು ಮ್ಯಾಗ್ನೀಸಿಯಂ ಪಡೆಯುತ್ತಿದ್ದ ತಾಯಿಯ ಉಸಿರು ನಿಂತು ಪಲ್ಸ್ ಹೋದರೆ ಮ್ಯಾಗ್ನೀಸಿಯಂ ಹೆಚ್ಚಾಗಿದೆ ಎಂದೇ ಹಿಡಿಯಿರಿ. ಡ್ರಿಪ್ ನಿಲ್ಲಿಸಿ, ಕ್ಯಾಲ್ಸಿಯಂ ಗ್ಲುಕೋನೇಟ್ 10 ಮಿ.ಲೀ. ಕೊಡಿ, ಪಲ್ಸ್ ಬರದಿದ್ದರೆ 30 ಮಿ.ಲೀ. ತನಕ. ಇಲ್ಲಿ ಕ್ಯಾಲ್ಸಿಯಂಗೆ ಯಾರ ತಕರಾರೂ ಇಲ್ಲ. ಲೈನ್ ಕೈಯಲ್ಲೇ ಇರಬೇಕು. ಒಬ್ಬರು ಎದೆ ಒತ್ತುವಾಗ ಇನ್ನೊಬ್ಬರು ಎರಡೂ ಕೈಯಿಂದ ಗರ್ಭಕೋಶವನ್ನು ಎಡಕ್ಕೆ ಸರಿಸಿ ಹಿಡಿಯಬೇಕು, ಇಲ್ಲದಿದ್ದರೆ ಕೆಳಗಿನ ದೊಡ್ಡ ರಕ್ತನಾಳ ಅದುಮಿ ಹೃದಯಕ್ಕೆ ರಕ್ತವೇ ಬರುವುದಿಲ್ಲ. ಅಡ್ರಿನಲಿನ್ ಡೋಸ್ ಎಲ್ಲರಿಗೂ ಇರುವಷ್ಟೇ, ಶಾಕ್ ಕೂಡ ಅಷ್ಟೇ. ಹೊಕ್ಕುಳಿನ ಮಟ್ಟ ಮುಟ್ಟಿದ ಗರ್ಭವಾಗಿದ್ದು ಪಲ್ಸ್ ಬರದಿದ್ದರೆ 5 ನಿಮಿಷದೊಳಗೆ ಮಗುವನ್ನು ಹೊರತೆಗೆಯಬೇಕು, ಮಲಗಿದ್ದ ಮಂಚದ ಮೇಲೆಯೇ. ಅದಕ್ಕೆ ಒಂದು ಬ್ಲೇಡ್, ಎರಡು ಕ್ಲಾಂಪ್ ಹೆರಿಗೆ ವಾರ್ಡಿನ ಟ್ರಾಲಿಗೆ ಸೇರಿಸಿ. ಥಿಯೇಟರ್‌ಗೆ ಸಾಗಿಸುವಷ್ಟು ಹೊತ್ತು ಇರುವುದಿಲ್ಲ.